ತಂಗಿ ಸೋತ ಆಟಗಳು

ನನ್ನ ತಂಗಿಗೆ ಓದಲು ಬರುವುದಿಲ್ಲ. ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ ನಿಂತು, ಬಂದ ಬಂದ ಬಸ್ಸಿಗೆಲ್ಲ ತಲೆಯೆತ್ತಿ, "ಇದು ಹಲಸೂರಿಗೆ ಹೋಗತ್ತೇನಪ್ಪ?" ಎಂದು ಪಕ್ಕದವರನ್ನು ಕೇಳುತ್ತಾಳೆ. ಕೆಲವರು ಒಳ್ಳೆಯ ಮಾತಿನಲ್ಲಿ ಹೇಳುತ್ತಾರೆ. ಕೆಲವರು "ಬೋರ್ಡ್ ಹಾಕಿದೆಯಲ್ಲಮ್ಮ, ನೋಡಬಾರದಾ" ಎಂದು ಗೊಣಗುತ್ತಾರೆ. ಜೊತೆಯಲ್ಲಿ ನಾನಿದ್ದರೆ ಅಂಥವರ ಮೇಲೆ ಹರಿಹಾಯುತ್ತೇನೆ. ಅವಳು ಮಾತ್ರ ನನ್ನ ಸೆರಗು ಹಿಡಿದೆಳೆದು "ಬಿಡಕ್ಕ, ಅವರದೇನು ತಪ್ಪು" ಎನ್ನುತ್ತಾಳೆ. ಅವರದೇನೂ ತಪ್ಪಿಲ್ಲವೆಂದು ನನಗೂ ಗೊತ್ತು. ಆ ಬೋರ್ಡನ್ನು ಅವಳು ಓದಲಾರದ ಹಾಗೆ ಮಾಡಿದವಳು ನಾನು. ಹದಿನಾರನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಆಡಿದ ನಾಲ್ಕು ಮಾತಿನಿಂದ ಹಾಗೆ ಮಾಡಿದೆ. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿಲ್ಲ, ಅವಳಿಗೂ ಹೇಳಿಲ್ಲ.

ಅದಕ್ಕೂ ಎರಡು ವರ್ಷ ಮುಂಚೆ, ಎರಡನೇ ಮಹಾಯುದ್ಧದ ಕಾಲ. ನಮ್ಮ ಮನೆ ಹಲಸೂರಿನ ಹಳೇ ಬೀದಿಯಲ್ಲಿತ್ತು. ಈಗ ಇಂದಿರಾನಗರದ ಬಂಗಲೆಗಳು ನಿಂತಿರುವ ಕಡೆ ಅಪ್ಪನಿಗೆ ಎರಡು ಎಕರೆ ಸೊಪ್ಪಿನ ತೋಟ. ದಂಟು, ಮೆಂತ್ಯ, ಕೊತ್ತಂಬರಿ ಕಟ್ಟುಗಳನ್ನು ಗಾಡಿಗೆ ಹೇರಿಕೊಂಡು ಬೆಳಕು ಹರಿಯುವಷ್ಟರಲ್ಲಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆಗ ಅದನ್ನು ಶಿವಾಜಿನಗರ ಎನ್ನುತ್ತಿರಲಿಲ್ಲ, ಬ್ಲಾಕ್‌ಪಳ್ಳಿ ಎನ್ನುತ್ತಿದ್ದರು. ಮನೆಯ ಮುಂದೆ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ, ಅದರ ಪಕ್ಕಕ್ಕೆ ಜಗಲಿ. ಜಗಲಿಯ ಚಪ್ಪಡಿಯ ಮೇಲೆ ಯಾವ ಕಾಲದಲ್ಲಿ ಯಾರು ಕೊರೆದಿದ್ದರೋ, ಹುಲಿ-ಕುರಿ ಆಟದ ಗೆರೆಗಳಿದ್ದವು.

ಈಗಿನವರು ಆ ಆಟ ಆಡುವುದನ್ನು ನಾನು ಕಂಡಿಲ್ಲ, ಆದ್ದರಿಂದ ಎರಡು ಮಾತು. ಗೋಪುರದ ಹಾಗೆ ಮೇಲೆ ಚೂಪಾಗಿ, ಕೆಳಗೆ ಅಗಲವಾಗಿ ಗೆರೆ ಎಳೆದಿರುತ್ತಾರೆ. ಗೆರೆಗೆ ಗೆರೆ ಸೇರುವಲ್ಲಿ ಒಂದೊಂದು ಮನೆ. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ನಾವು ಹುಲಿಗೆ ಕಲ್ಲಿನ ಹರಳು, ಕುರಿಗೆ ಹುಣಸೆ ಬೀಜ ಇಡುತ್ತಿದ್ದೆವು. ಕುರಿಗಳನ್ನು ಸರದಿಗೊಂದರಂತೆ ಇಡಬೇಕು, ಎಲ್ಲ ಇಟ್ಟಾದ ಮೇಲೆ ಸರಿಸಬಹುದು. ಹುಲಿ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಕುರಿ ಹೋಯಿತು. ಆರು ಕುರಿ ಹೋದರೆ ಹುಲಿಯವನು ಗೆದ್ದ ಎಂಬುದು ನಮ್ಮ ಜಗಲಿಯ ಕಟ್ಟಳೆ. ಮೂರು ಹುಲಿಗಳೂ ಅಲುಗಾಡದ ಹಾಗೆ ಸುತ್ತುಗಟ್ಟಿದರೆ ಕುರಿಯವನು ಗೆದ್ದ. ಕುರಿ ಹಿಡಿದು ಗೆಲ್ಲುವುದು ಕಷ್ಟ. ದೊಡ್ಡವರೇ ಹುಲಿ ತನಗಿರಲಿ ಎಂದು ಜಗಳವಾಡುತ್ತಿದ್ದರು.

ನಮ್ಮ ತಾತನಿಗೆ ಈ ಆಟದ ಹುಚ್ಚು. ಆದರೆ ಆ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿದ್ದವರು ಗಂಡಸೋ ಹೆಂಗಸೋ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಅವರ ಜೊತೆ ಆಡಲು ಬರುತ್ತಿದ್ದವನು ಒಬ್ಬ ಜಟಕಾ ಸಾಹೇಬ. ಅವನ ಕುದುರೆ ನಮ್ಮ ತೊಟ್ಟಿಯಲ್ಲಿ ನೀರು ಕುಡಿಯುತ್ತಿತ್ತು, ಅಷ್ಟು ಹೊತ್ತು ಅವನು ಜಗಲಿಯಲ್ಲಿ ತಾತನ ಎದುರು ಕೂರುತ್ತಿದ್ದ. ತಾತನ ಪರವಾಗಿ ಬೀಜ ಇಡುವವಳು ನನ್ನ ತಂಗಿ. ಅವಳಿಗಾಗ ಐದು ತುಂಬಿರಲಿಲ್ಲ. ತಾತ "ಎರಡನೇ ಗೆರೆ, ಎಡಗಡೆ ಕೊನೇ ಮನೆ" ಎಂದು ಹೇಳಿದರೆ ಅವಳು ಬೀಜ ಇಡಬೇಕು. ಆಟದಲ್ಲಿ ತಾತ ಗೆಲ್ಲತೊಡಗಿದರು. ಕಣ್ಣು ಕಾಣದಿದ್ದರೆ ಮನಸ್ಸು ನಿಲ್ಲುತ್ತದೆ, ಈಗ ನೋಡಿ ನನ್ನ ಆಟ ಎಂದು ಊಟಕ್ಕೆ ಕೂತಾಗಲೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಅಮ್ಮ ನಗು ತಡೆದುಕೊಂಡು ಸಾರು ಬಡಿಸುತ್ತಿದ್ದಳು.

ನಿಜ ಗೊತ್ತಾದದ್ದು ಸಾಹೇಬನಿಗೆ. ಒಂದು ದಿನ ಅವನು ಬೀಜವನ್ನೂ ಮಗುವಿನ ಕೈಯನ್ನೂ ನೋಡಿ, ಆಟ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಅಪ್ಪನನ್ನು ಕರೆದ.

"ಅಣ್ಣಾ, ನಾನು ತಾತನ ಹತ್ರ ಸೋಲ್ತಾ ಇಲ್ಲ. ತಾತ ಹೇಳೋ ಮನೆ ಒಂದು, ಈ ಮಗು ಇಡೋ ಮನೆ ಇನ್ನೊಂದು. ಮೂರು ದಿನದಿಂದ ನೋಡ್ತಾ ಇದ್ದೀನಿ."

ತಾತ ಕಕ್ಕಾಬಿಕ್ಕಿಯಾದರು. "ಯಾಕೆ ಮಗಳೇ, ನಾನು ಹೇಳಿದ ಕಡೆ ಯಾಕೆ ಇಡಲಿಲ್ಲ?" ಎಂದು ಕೇಳಿದರು.

"ಅಲ್ಲಿಟ್ಟಿದ್ರೆ ಕುರಿ ಹೋಗ್ತಿತ್ತು ತಾತ. ಈಗಲ್ಲ, ಹುಲಿ ಇನ್ನೆರಡು ಸಲ ನಡೆದಮೇಲೆ."

 ತಾತ ಕೋಲು ಊರಿ ಪಕ್ಕಕ್ಕೆ ಸರಿದು, ತಾವು ಕೂತಿದ್ದ ಜಾಗವನ್ನು ಕೈಯಿಂದ ತಟ್ಟಿ "ಬಾ, ಇಲ್ಲಿ ಕೂತ್ಕೋ. ಇನ್ಮೇಲೆ ನೀನೇ ಆಡು" ಎಂದರು. ಅಂದಿನಿಂದ ಅವರು ಆ ಜಾಗದಲ್ಲಿ ಕೂರಲಿಲ್ಲ. ಆ ಚಳಿಗಾಲ ಕಳೆಯುವುದರೊಳಗೆ ತೀರಿಕೊಂಡರು.

ಮಗು ಆಡುತ್ತದಂತೆ ಎಂದು ಸುದ್ದಿಯಾಗಿ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದರು. ಹಾಲಿನವನು ಸೋತ. ಗೋಡೆ ಕಟ್ಟುವ ತಮಿಳು ಮೇಸ್ತ್ರಿ ಸೋತು, ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದ. ರಜೆಯ ಮೇಲೆ ಬಂದಿದ್ದ ಒಬ್ಬ ಹವಾಲ್ದಾರ ಮೀಸೆ ತಿರುವುತ್ತ ಕೂತು, ಮೂರು ಆಟ ಸೋತು, ಹುಣಸೆ ಬೀಜಗಳನ್ನೆಲ್ಲ ಬೀದಿಗೆ ಎಸೆದ. ಇವಳು ಹೋಗಿ ಒಂದೊಂದನ್ನೇ ಆರಿಸಿಕೊಂಡು ಬಂದು, "ಇನ್ನೊಂದಾಟ ಆಡ್ತೀರಾ ಮಾಮ?" ಎಂದು ಕೇಳಿದಳು. ಅಣಕವಲ್ಲ, ಅವಳಿಗೆ ನಿಜವಾಗಿಯೂ ಇನ್ನೊಂದಾಟ ಬೇಕಿತ್ತು.

ನನಗೂ ಆಸೆಯಾಗಿ ಅವಳ ಹತ್ತಿರ ಕಲಿಯಲು ಕೂತೆ. ಹತ್ತು ವರ್ಷ ದೊಡ್ಡವಳು ನಾನು. ಮೂರನೇ ಕ್ಲಾಸಿನವರೆಗೆ ಓದಿದವಳು ಬೇರೆ. "ನೀನು ಹುಲೀನೇ ನೋಡ್ತಾ ಕೂತ್ಕೋತೀಯಕ್ಕ. ಹುಲಿ ನೋಡಬಾರದು. ಖಾಲಿ ಮನೆ ನೋಡಬೇಕು. ಹಾರೋಕೆ ಅದಕ್ಕೆ ಖಾಲಿ ಮನೆ ತಾನೇ ಬೇಕು" ಎಂದಳು. ಅವಳು ಹೇಳಿದ ಮೇಲೆ ಸುಲಭವಾಗಿ ಕಂಡಿತು. ಆಡಲು ಹೋದರೆ ಮತ್ತೆ ನನ್ನ ಕಣ್ಣು ಹುಲಿಯ ಮೇಲೆಯೇ ಹೋಗುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ, ಸ್ಕೂಲು. ಅಲ್ಲಿ ಅಂಕಿಗಳ ಆಟ ಹೇಳಿಕೊಡುತ್ತಾರೆ, ಅದಕ್ಕೆಂದೇ ದಪ್ಪ ಪುಸ್ತಕ ಇರುತ್ತದೆ ಎಂದು ಸಾಹೇಬ ಯಾವಾಗಲೋ ಹೇಳಿದ್ದ. ಅಷ್ಟೇ ಸಾಕಾಯಿತು. ನನ್ನ ಹಳೇ ಸ್ಲೇಟನ್ನು ಅಟ್ಟದಿಂದ ಇಳಿಸಿಕೊಂಡು ತಲೆದೆಸೆಗೆ ಇಟ್ಟುಕೊಂಡು ಮಲಗುತ್ತಿದ್ದಳು. ಬೀದಿಯ ತುದಿಯಲ್ಲಿ ನಿಂತು ಚೀಲ ಹೊತ್ತ ಮಕ್ಕಳನ್ನು ನೋಡುತ್ತಿದ್ದಳು. ದಿನ ಬೆಳಗಾದರೆ ಅಪ್ಪನ ಪಂಚೆ ಹಿಡಿದು ಅದೇ ಪ್ರಶ್ನೆ. ಸ್ಕೂಲಿಗೆ ಹೋಗಬೇಕಾದರೆ ಮದ್ರಾಸ್ ರಸ್ತೆ ದಾಟಬೇಕಿತ್ತು. ಆ ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳು. ನಮ್ಮದೇ ಒಂದು ಕರು ಅದರಡಿ ಸಿಕ್ಕಿ ಸತ್ತಿತ್ತು, ನನ್ನ ಓದು ನಿಂತದ್ದೂ ಅದೇ ವಾರ. "ಲಡಾಯಿ ಮುಗೀಲಿ ನೋಡೋಣ" ಎನ್ನುತ್ತಿದ್ದರು ಅಪ್ಪ. ಅದು ಕಳಿಸುತ್ತೇನೆ ಎಂಬ ಮಾತಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಲಡಾಯಿ ಮುಗಿಯಿತು. ತಂಗಿಗೆ ಆರು ದಾಟಿತು. ಕೇಳಿದರೆ ಅಪ್ಪ ಲಾರಿಗಳಿನ್ನೂ ಓಡಾಡುತ್ತಿವೆ ಎಂದರು. ಅಷ್ಟರಲ್ಲಿ ಮನೆಗೆ ದೊಡ್ಡ ಚಿಂತೆ ನನ್ನದಾಗಿತ್ತು. ನನ್ನನ್ನು ನೋಡಲು ಎರಡು ಕಡೆಯವರು ಬಂದು, ಎರಡು ಕಡೆಯವರೂ ಬೇಡವೆಂದಿದ್ದರು. ಮೊದಲನೆಯವರಿಗೆ ನನ್ನ ಬಣ್ಣ ಹಿಡಿಸಲಿಲ್ಲ. ಎರಡನೆಯವರು ಏನೋ ಕೇಳಿದ್ದಕ್ಕೆ ನಾನು ಪಟ್ಟನೆ ಉತ್ತರ ಕೊಟ್ಟೆನಂತೆ, ಬಾಯಿ ಜೋರು ಎಂದು ಹೇಳಿ ಕಳಿಸಿದರು. ಮನೆಯಲ್ಲಿದ್ದ ಸೋದರತ್ತೆ ದಿನವೂ ಒಂದು ಸಲವಾದರೂ ಹದಿನಾರು ಎಂದು ನನ್ನ ವಯಸ್ಸನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ನನಗೂ ಒಳಗೊಳಗೇ ಭಯ ಹತ್ತಿಕೊಂಡಿತ್ತು.

ಹೀಗಿರುವಾಗ ಜಟಕಾ ಸಾಹೇಬನೇ ಒಂದು ಸಂಬಂಧ ತಂದ. ಮರ್ಫಿ ಟೌನಿನಲ್ಲಿ ನಮ್ಮವರೇ ಒಬ್ಬ ಹೆಡ್‌ಮೇಷ್ಟ್ರು ಇದ್ದರು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ಸ್ಕೂಲು ನಡೆಸುತ್ತಿದ್ದರು. ದಿನವೂ ಇವನ ಜಟಕಾದಲ್ಲಿಯೇ ಹೋಗಿಬರುವವರು. ಅವರ ಎರಡನೇ ಮಗನಿಗೆ ಹೆಣ್ಣು ನೋಡುತ್ತಿದ್ದರು.

"ಭಾನುವಾರ ಬರ್ತಾರಂತೆ ಅಣ್ಣಾ. ಮೇಷ್ಟ್ರೂ ಹುಲಿ-ಕುರೀಲಿ ಭಾರಿ ಜೋರು. ನಿಮ್ಮ ಚಿಕ್ಕ ಮಗೂ ಬಗ್ಗೆ ನಾನು ತಿಂಗಳಿಂದ ಹೇಳ್ತಾನೇ ಇದ್ದೀನಿ. ಅದರ ಜೊತೆ ಒಂದಾಟ ಆಡ್ಬೇಕು ಅಂದರು" ಎಂದ ಸಾಹೇಬ.

ಅಪ್ಪ ಸಂತೋಷದಿಂದ ನಕ್ಕರು. ಸೋದರತ್ತೆ ನಗಲಿಲ್ಲ. "ಬೀಗರಾಗೋರನ್ನ ನಮ್ಮನೆ ಹೆಣ್ಣುಮಗು ಬೀದಿ ಜಗಲೀಲಿ ಕೂತು ಸೋಲಿಸಿದರೆ ನೋಡೋಕೆ ಚೆನ್ನಾಗಿರತ್ತಾ?" ಎಂದಳು.  ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನಮ್ಮಲ್ಲಿ ಗಂಡಿನ ಕಡೆಯವರಿಗೆ ಎದುರಾಡುವಂತಿಲ್ಲ, ಅವರಿಗಿಂತ ಮೊದಲು ಊಟಕ್ಕೆ ಕೂರುವಂತಿಲ್ಲ, ಅವರ ಎದುರು ಎತ್ತರದ ಮಣೆಯ ಮೇಲೆ ಕೂರುವಂತಿಲ್ಲ. ಗೆಲ್ಲಬಹುದೇ? ನನಗೆ ಅನುಮಾನವೇ ಉಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಲಿನಲ್ಲಿ ಕೂರಿಸಿಕೊಂಡು ಅವಳ ತಲೆ ಬಾಚುತ್ತಿದ್ದೆ. ಒಳಗೆ ಅಮ್ಮ ರೇಷನ್ನಿನ ಸಕ್ಕರೆ ಸಾಲದೆ ಬೆಲ್ಲದ ಸಜ್ಜಿಗೆ ಮಾಡುತ್ತಿದ್ದಳು.

"ಪುಟ್ಟಿ, ಇವತ್ತು ಮೇಷ್ಟ್ರ ಹತ್ರ ಸೋತುಬಿಡು."

"ಯಾಕೆ?"

"ಅವರು ದೊಡ್ಡೋರು. ಗಂಡಿನ ಕಡೆಯೋರು. ನೀನು ಗೆದ್ದರೆ ಬೇಜಾರು ಮಾಡ್ಕೊಂಡು ನನ್ನ ಬೇಡ ಅಂತಾರೆ."

ಅವಳು ಯೋಚನೆ ಮಾಡಿದಳು. "ಸೋಲೋದು ಅಂದ್ರೆ ಕುರಿ ಕೊಟ್ಬಿಡೋದಾ?"

"ಹೂಂ. ಆದರೆ ಬೇಕಂತ ಕೊಟ್ಟ ಹಾಗೆ ಕಾಣಬಾರದು."

"ಅದು ಕಷ್ಟ ಅಕ್ಕ" ಎಂದಳು. ಅಂಥ ಕೆಲಸ ಅವಳಿಗೆ ಇಷ್ಟವಿಲ್ಲವೆಂದು ಅವಳ ಕತ್ತು ಬಿಗಿದದ್ದರಲ್ಲಿಯೇ ಗೊತ್ತಾಯಿತು. ಆಗ ನಾನು, ಅವಳು ತಪ್ಪಿಸಿಕೊಳ್ಳಲಾಗದಂತಹ ಮಾತು ಹುಡುಕಿ ಹೇಳಿದೆ.

"ಅವರು ಸ್ಕೂಲ್ ಮೇಷ್ಟ್ರು ಕಣೇ. ನೀನು ಸೋತರೆ ನಾನು ಆ ಮನೆ ಸೊಸೆ ಆಗ್ತೀನಿ. ಆದ ಮೇಲೆ ನಮ್ಮ ಪುಟ್ಟೀನ ಸ್ಕೂಲಿಗೆ ಸೇರಿಸ್ಕೊಳಿ ಅಂತ ನಾನೇ ಹೇಳ್ತೀನಿ."

ಅವಳು ರಪ್ಪನೆ ತಿರುಗಿದಳು. ಬಾಚಣಿಗೆ ಸಿಕ್ಕಿನಲ್ಲಿ ಸಿಕ್ಕಿ ಕೂದಲು ಜಗ್ಗಿತು, ಅದು ಅವಳ ಗಮನಕ್ಕೇ ಬರಲಿಲ್ಲ.

"ನಿಜವಾಗ್ಲೂ?"

"ನಿಜವಾಗ್ಲೂ."

ಮೇಷ್ಟ್ರು ಬಂದರು. ಕರೀ ಕೋಟು, ಬಿಳೀ ಪೇಟ, ಕೈಯಲ್ಲಿ ಕೊಡೆ. ಜಗಲಿ ಹತ್ತುತ್ತಲೇ ಅವರು ಕೇಳಿದ ಮೊದಲ ಮಾತು "ಎಲ್ಲಿ ಆ ಮಗು?" ಎಂದು. ನೋಡಲು ಬಂದದ್ದು ನನ್ನನ್ನು, ಕೇಳಿದ್ದು ಅವಳನ್ನು. ಒಳ್ಳೆಯವರು, ಮಕ್ಕಳೆಂದರೆ ಪ್ರೀತಿ ಎಂದುಕೊಂಡೆನೇ ಹೊರತು ಆಗ ಅದಕ್ಕಿಂತ ಹೆಚ್ಚು ನನ್ನ ತಲೆಗೆ ಹೋಗಲಿಲ್ಲ.

ಬಾಗಿಲ ಸಂದಿಯಿಂದ ನಾನು ಪೂರ್ತಿ ಆಟ ನೋಡಿದೆ. ಮೇಷ್ಟ್ರು ಹುಲಿ ಹಿಡಿದರು. ಮೊದಲ ಆರೇಳು ಬೀಜಗಳನ್ನು ತಂಗಿ ಎಂದಿನ ಹಾಗೆ ಇಟ್ಟಳು. ಎಂಟನೆಯದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಳು. ಆಮೇಲೆ ಇಟ್ಟ ಜಾಗ ನೋಡಿ ನನಗೇ ಅವಳು ಮರೆತಳೇನೋ ಎನ್ನಿಸಿತು, ಅಷ್ಟು ಸಹಜವಾಗಿತ್ತು. ಮೇಷ್ಟ್ರು ಹಾರಿದರು. ಅಲ್ಲಿಂದ ಮುಂದೆ ಒಂದೊಂದು ಕುರಿಯೂ ಅವರು ತಾವೇ ಕಂಡುಹಿಡಿದ ಹಾಗೆ ಸಿಗುತ್ತಾ ಹೋಯಿತು. ಅವರು ಒಂದು ಕುರಿಯನ್ನು ನೋಡದೆ ಬಿಟ್ಟಾಗ, ಅವಳು ಪಕ್ಕದ ಬೀಜ ಸರಿಸಿ ಇನ್ನೊಂದು ದಾರಿ ತೆರೆದುಕೊಟ್ಟಳು. ಆರು ಕುರಿ ಹೋದವು. ಎರಡನೇ ಆಟದಲ್ಲಿ ಅವಳಿಗೆ ಹುಲಿ ಕೊಟ್ಟರು. ಮೂರು ಹುಲಿಗಳನ್ನೂ ಅವಳೇ ಮೂಲೆಗೆ ನಡೆಸಿಕೊಂಡು ಹೋಗಿ, ಮೇಷ್ಟ್ರು ಕುರಿಗಳನ್ನು ಸುತ್ತ ತಂದು ನಿಲ್ಲಿಸುವವರೆಗೆ ಕಾದಳು.

ಮೇಷ್ಟ್ರು ಒಂದು ಕ್ಷಣ ಅವಳ ಮುಖ ನೋಡಿದರು. ತಲೆ ಸವರಿ "ಪರವಾಗಿಲ್ಲ ಮಗು, ಚೆನ್ನಾಗಿ ಆಡ್ತೀಯ" ಎಂದು ಎದ್ದರು. ತೊಟ್ಟಿಯ ಹತ್ತಿರ ಕುದುರೆಯ ಲಗಾಮು ಹಿಡಿದು ನಿಂತಿದ್ದ ಸಾಹೇಬನ ಮುಖ ಸಪ್ಪಗಾಗಿತ್ತು. ತಿಂಗಳಿಂದ ಹೇಳಿದ್ದೆಲ್ಲ ಸುಳ್ಳಾಗಿ, ದಿನವೂ ತನ್ನ ಗಾಡಿ ಹತ್ತುವ ಮೇಷ್ಟ್ರ ಎದುರು ಅವನ ಮಾತಿಗೆ ಬೆಲೆಯಿಲ್ಲದ ಹಾಗಾಗಿತ್ತು. ಹೊರಡುವ ಮುಂಚೆ ಅವಳ ಹತ್ತಿರ ಬಂದು "ಏನಮ್ಮಾ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ. ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.

ಮದುವೆಯಾಯಿತು. ಧಾರೆಯ ದಿನ ತಂಗಿ ಮಂಟಪದ ಕಂಬದ ಪಕ್ಕದಲ್ಲಿ ನಿಂತು, ಜನ ಸ್ವಲ್ಪ ಕರಗಿದ ಕೂಡಲೇ ನನ್ನ ಕಿವಿಯಲ್ಲಿ "ಅಕ್ಕ, ಸ್ಕೂಲು?" ಎಂದಳು. ಹೇಳುತ್ತೇನೆ ಎಂದೆ. ಮರ್ಫಿ ಟೌನಿನಿಂದ ಹಲಸೂರು ನಡೆದು ಹೋಗುವಷ್ಟು ಹತ್ತಿರ. ಪ್ರತಿ ಹಬ್ಬಕ್ಕೂ ತವರಿಗೆ ಹೋಗುತ್ತಿದ್ದೆ, ಪ್ರತಿ ಸಲವೂ ಕೇಳುತ್ತಿದ್ದಳು, ಪ್ರತಿ ಸಲವೂ ಹೇಳುತ್ತೇನೆ ಎನ್ನುತ್ತಿದ್ದೆ. ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಏನನ್ನಾದರೂ ಕೇಳುವುದು ಎಂದರೆ ಹುಡುಗಾಟವಲ್ಲ. ಯಜಮಾನರಿಗೆ ಒಂದು ಸಲ ಹೇಳಿದೆ. "ಅಪ್ಪನ್ನ ನೀನೇ ಕೇಳು, ಬೇಡ ಅನ್ನಲ್ಲ" ಎಂದರು. ಆಗಲೇ ಕೇಳಬಹುದಿತ್ತು. ನಾಳೆ ಎಂದುಕೊಂಡೆ. ತವರಿನಲ್ಲಿ ಅಮ್ಮನಿಗೆ ಗಂಡುಮಗು ಹುಟ್ಟಿ, ಅದನ್ನು ಎತ್ತಿಕೊಳ್ಳುವ ಕೆಲಸ ತಂಗಿಯ ಸೊಂಟಕ್ಕೆ ಬಿತ್ತು. ಎರಡನೇ ವರ್ಷದ ಹೊತ್ತಿಗೆ ಅವಳು ನನ್ನನ್ನು ಕೇಳುವುದನ್ನು ಬಿಟ್ಟಳು. ಮರೆತಿರಬೇಕು ಎಂದುಕೊಂಡು, ಹೇಳಲು ನಾಚಿಕೆಯಾಗುತ್ತದೆ, ನೆಮ್ಮದಿಪಟ್ಟೆ.

ಅವಳ ಆಟವೂ ಹೋಯಿತೆಂದು ಅಮ್ಮ ಹೇಳಿದಳು. "ಈಗ ದನ ಕಾಯೋ ಹುಡುಗರ ಹತ್ರಾನೂ ಸೋಲ್ತಾಳೆ. ಏನೋ ಚಿಕ್ಕದರಲ್ಲಿ ಚುರುಕಾಗಿತ್ತು ಅಷ್ಟೆ." ಹಾಲುಹಲ್ಲು ಬಿದ್ದ ಹಾಗೆ ಅದೂ ಬಿದ್ದುಹೋಯಿತು ಎಂದುಕೊಂಡೆ.

ಮದುವೆಯಾದ ಮೂರನೇ ವರ್ಷ, ಸ್ಕೂಲು ಶುರುವಾಗುವ ಜೂನ್ ತಿಂಗಳು. ಸಂಜೆ ಮಾವನವರನ್ನು ನೋಡಲು ಅವರ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಬಂದಿದ್ದರು. ನಾನು ಎರಡು ಲೋಟ ಕಾಫಿ ಹಿಡಿದು ಬಾಗಿಲವರೆಗೆ ಬಂದಿದ್ದೆ. ಹೊರಗೆ ಮಾವನವರು ನಗುತ್ತಾ ಹೇಳುತ್ತಿದ್ದರು.

"ಮಕ್ಕಳ ಬುದ್ಧಿ ವಿಷಯ ಯಾರು ಹೇಳಿದರೂ ನಾನೀಗ ನಂಬಲ್ಲ ಕಣ್ರೀ. ನಮ್ಮ ಜಟಕಾ ಸಾಹೇಬ ಒಂದು ಸಲ ತಿಂಗಳುಗಟ್ಟಲೆ ನನ್ನ ಕಿವಿ ತಿಂದ. ಹಲಸೂರಲ್ಲಿ ಆರು ವರ್ಷದ ಮಗು, ಯಾರೂ ಸೋಲಿಸಕ್ಕಾಗಲ್ಲ ಅಂತ. ಹಂಗಿದ್ದರೆ ಓದಿಸಲೇಬೇಕು ಅಂತ ನಾನೂ ತೀರ್ಮಾನ ಮಾಡ್ಕೊಂಡು ಹೋದೆ. ಫೀಸಿಲ್ಲದೆ ಸೇರಿಸ್ಕೊಳ್ಳೋ ಜಾಗ ಒಂದು ನನ್ನ ಕೈಲಿತ್ತು. ನಿಜ ಹೇಳ್ಬೇಕು ಅಂದ್ರೆ ನಾನು ಹೊರಟಿದ್ದೇ ಆ ಮಗು ನೋಡೋಕೆ. ಸೊಸೆ ಸಿಕ್ಕಿದ್ದು ಆಮೇಲಿನ ಮಾತು."

"ಮತ್ತೆ ಮಗು?" ಎಂದರು ಬಂದವರು.

"ಪಾಪ, ಎಲ್ಲ ಮಕ್ಕಳ ಹಾಗೇ ಇತ್ತು. ನನಗೇ ಎರಡಾಟ ಸೋತಿತು. ಹುಡುಗೀನ ಕಳಿಸಿ ಅಂತ ಅವರಪ್ಪನಿಗೆ ಬಲವಂತ ಮಾಡೋಕೆ ನನಗೆ ಕಾರಣ ಸಿಗಲಿಲ್ಲ. ಈ ವರ್ಷವೂ ಒಂದು ಜಾಗ ಇದೆ ನೋಡಿ. ಚುರುಕಾಗಿರೋ ಮಗು ಯಾರಾದರೂ ಇದ್ದರೆ ಹೇಳಿ."

 ಲೋಟದ ಬಿಸಿ ಬೆರಳಿಗೆ ತಾಗುತ್ತಿದ್ದರೂ ಹೆಜ್ಜೆ ಎತ್ತಲಾಗಲಿಲ್ಲ. ಗೆದ್ದಿದ್ದರೆ ಸ್ಕೂಲು ಸಿಗುತ್ತಿತ್ತು. ಸೋತರೆ ಸ್ಕೂಲು ಎಂದು ನಾನು ಹೇಳಿದ್ದೆ. ನನ್ನನ್ನು ಒಪ್ಪಿಕೊಳ್ಳಲು ಯಾರೂ ಸೋಲಬೇಕಾಗಿರಲಿಲ್ಲ.

ಆಗಲೂ ತಡವಾಗಿರಲಿಲ್ಲ. ತಂಗಿಗೆ ಒಂಬತ್ತು. ಜಾಗ ಇದೆ ಎಂದು ಅವರ ಬಾಯಿಂದಲೇ ಕೇಳಿದ್ದೆ. ಎರಡು ಹೆಜ್ಜೆ ಮುಂದಿಟ್ಟು, "ಮಾವ, ಅವತ್ತು ಅವಳು ಬೇಕಂತ ಸೋತಿದ್ದು, ನಾನೇ ಹೇಳಿಕೊಟ್ಟಿದ್ದು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ನನ್ನ ಓರಗಿತ್ತಿಯ ಗತಿ ನನಗೆ ಗೊತ್ತಿತ್ತು. ಅವಳ ವಯಸ್ಸನ್ನು ಎರಡು ವರ್ಷ ಕಡಿಮೆ ಹೇಳಿ ಮದುವೆ ಮಾಡಿದ್ದರೆಂದು ಗೊತ್ತಾಗಿ, ಅತ್ತೆ ಅವಳನ್ನು ತವರಿಗೆ ಕಳಿಸಿ ಆರು ತಿಂಗಳು ಕರೆಸಿರಲಿಲ್ಲ. ಮೋಸದವರು ಎಂಬ ಮಾತು ಅವಳ ತಟ್ಟೆಯಲ್ಲಿ ಅನ್ನದ ಜೊತೆ ದಿನವೂ ಬೀಳುತ್ತಿತ್ತು. ನನಗಾಗ ಮೂರು ತಿಂಗಳು. ಕಾಫಿ ಲೋಟಗಳನ್ನು ಅವರ ಮುಂದೆ ಇಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬಂದೆ. ಹದಿನಾರರಲ್ಲಿ ಮಾಡಿದ್ದಕ್ಕೆ ದಡ್ಡತನ ಎಂಬ ನೆಪವಿದೆ. ಹತ್ತೊಂಬತ್ತರಲ್ಲಿ ಮಾಡಿದ್ದಕ್ಕೆ ಏನೂ ಇಲ್ಲ. ಮಾವನವರು ಮುಂದಿನ ವರ್ಷ ನಿವೃತ್ತರಾದರು. ಅವರು ತೀರಿಕೊಳ್ಳುವವರೆಗೆ ನಾನೇ ಅವರ ಕಾಲು ಒತ್ತಿದೆ, ಔಷಧಿ ಕೊಟ್ಟೆ. ಈ ಒಂದು ಮಾತು ಹೇಳಲಿಲ್ಲ.

ಅದೇ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ತರಲು ತವರಿಗೆ ಹೊರಟೆ. ಬಸುರಿ ನಡೆಯಬಾರದೆಂದು ಸಾಹೇಬನ ಜಟಕಾ ತರಿಸಿದ್ದರು. ಅವನ ಗಡ್ಡ ಆಗಲೇ ಬೆಳ್ಳಗಾಗಿತ್ತು. ಹಲಸೂರು ಕೆರೆಯ ಪಕ್ಕದಲ್ಲಿ ಕುದುರೆ ನಿಧಾನ ಮಾಡಿ, ಹಿಂದಕ್ಕೆ ತಿರುಗದೆ ಮಾತಾಡಿದ.

"ಅಮ್ಮಾ, ನಿಮ್ಮ ತಂಗಿ ಜೊತೆ ನಾನು ಈಗಲೂ ಆಡ್ತೀನಿ. ನನ್ನ ಹತ್ರಾನೂ ಸೋಲ್ತಾಳೆ."

"ಅಮ್ಮ ಹೇಳಿದಳು" ಎಂದೆ.

"ಅವಳು ಸೋಲ್ತಾಳೆ ಅನ್ನೋದನ್ನ ನಿಮ್ಮಮ್ಮ ನೋಡಿದ್ದಾರೆ. ಹೆಂಗೆ ಸೋಲ್ತಾಳೆ ಅನ್ನೋದು ನೋಡಿಲ್ಲ. ನನ್ನಂಥ ದಡ್ಡನ ಹತ್ರ ಒಂದು ಸಲಾನೂ ತಪ್ಪದ ಹಾಗೆ ಸೋಲೋಕೆ ಎಷ್ಟು ತಲೆ ಬೇಕು, ನೀವೇ ಹೇಳಿ. ಯಾಕೆ ಹಿಂಗೆ ಮಾಡ್ತಾಳೋ ನನಗಂತೂ ಗೊತ್ತಾಗಲ್ಲ."

ನಾನು ಕೆರೆಯ ಕಡೆ ಮುಖ ಮಾಡಿಕೊಂಡು ಕೂತೆ. ಅವನು ಕುದುರೆಯನ್ನು ಚುರುಕು ಮಾಡಿದ.

ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ತಂಗಿ ತಮ್ಮನನ್ನು ತೊಟ್ಟಿಲಲ್ಲಿ ಹಾಕಿ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಮೂರು ವರ್ಷದ ಹಿಂದೆ ಅವಳ ತಲೆ ಬಾಚಿದ ಅದೇ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಸೌದೆ ಒಟ್ಟಿದ ಸಂದಿಯಿಂದ ಅವಳು ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಸೋಲ್ಜರುಗಳ ಕಡೆಯಿಂದ ಸಾಹೇಬನಿಗೆ ಸಿಕ್ಕಿ, ಅವನು ಇವಳಿಗೆ ಕೊಟ್ಟಿದ್ದ ಡಬ್ಬಿ. ಮುಚ್ಚಳ ತೆಗೆದರೆ ಬಾಯಿವರೆಗೆ ಹುಣಸೆ ಬೀಜ.

"ಇಷ್ಟು ಕುರಿ ಯಾಕೆ?" ಎಂದು ಕೇಳಿದೆ.

"ಕುರಿ ಅಲ್ಲ ಅಕ್ಕ. ಒಂದು ಸಲ ಸೋತರೆ ಒಂದು ಬೀಜ." ಅವಳು ಮೇಲೆ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡು ದೊಡ್ಡ ಬೀಜ ತೆಗೆದು ತೋರಿಸಿದಳು. "ಇವೆರಡು ಮೇಷ್ಟ್ರ ಹತ್ರ ಸೋತಿದ್ದು."

"ಮಿಕ್ಕಿದ್ದೆಲ್ಲ?"

"ಎಲ್ಲರ ಹತ್ರ. ಸಾಹೇಬರು, ಮೇಸ್ತ್ರಿ, ದನ ಕಾಯೋ ಹುಡುಗರು. ನೀನು ಸೋತರೆ ಸ್ಕೂಲು ಅಂದೆಯಲ್ಲ. ಎರಡು ಸಲ ಸೋತೆ, ನಿನ್ನ ಮದುವೆ ಆಯ್ತು, ಸ್ಕೂಲು ಬರಲಿಲ್ಲ. ಅಷ್ಟು ಸೋತಿದ್ದು ಸಾಲಲಿಲ್ಲ ಅಂತ ಗೊತ್ತಾಯ್ತು. ಸುಮ್ನೆ ನಿನ್ನ ಕೇಳ್ತಾ ಇರೋದಕ್ಕಿಂತ ಸೋಲೋಣ ಅಂತ." ಅವಳ ದನಿಯಲ್ಲಿ ನನ್ನ ಮೇಲೆ ಸ್ವಲ್ಪವೂ ದೂರಿರಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. "ಆಮೇಲೆ ಯಾರ ಹತ್ರಾನೂ ಒಂದಾಟ ಗೆದ್ದಿಲ್ಲ ಅಕ್ಕ. ಬೇಕಂತ ಅಂತ ಯಾರಿಗೂ ಕಾಣದ ಹಾಗೇ ಸೋತಿದ್ದೀನಿ."

ನಾನು ಬೀಜದೊಳಗೆ ಕೈಯಿಟ್ಟೆ. ಬೆರಳು ತಳ ಮುಟ್ಟಲಿಲ್ಲ. ಆ ವರ್ಷದ ಜಾಗ ಬೇರೆ ಯಾವುದೋ ಮಗುವಿಗೆ ಹೋಗಿ ಎರಡು ತಿಂಗಳಾಗಿತ್ತು.

"ಇನ್ನೆಷ್ಟು ಸೋಲ್ಬೇಕಕ್ಕ?" ಎಂದು ಕೇಳಿದಳು.

ಅವಳ ಮುಖ ನೋಡಲಾಗದೆ ಡಬ್ಬಿಯ ಮುಚ್ಚಳ ಹಾಕಿದೆ. ಅದನ್ನು ಅವಳ ಕೈಗೆ ಕೊಟ್ಟು, "ಇನ್ನು ಸ್ವಲ್ಪ ದಿನ ಪುಟ್ಟಿ" ಎಂದೆ.

ಅವಳು ಹೂಂ ಎಂದು, ಡಬ್ಬಿಯನ್ನು ಮತ್ತೆ ಸೌದೆಯ ಸಂದಿಯಲ್ಲಿಟ್ಟು ಬಂದಳು.